ಟವೆಲ್ಲಿನ ಕೆಳಗಿನ ಬೆರಳು

ನನ್ನ ಸೋದರಮಾವನ ಎಡಗಣ್ಣು ಯಾರ ಅಪ್ಪಣೆಗೂ ಕಾಯುತ್ತಿರಲಿಲ್ಲ. ಮಾತಿನ ನಡುವೆ ಪಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಜೊತೆಗೆ ಕೆನ್ನೆ, ತುಟಿಯ ತುದಿ, ಅದರ ಮೇಲಿನ ಅರ್ಧ ಮೀಸೆಯೂ ಮೇಲಕ್ಕೆ ಸೆಳೆದುಕೊಳ್ಳುತ್ತಿದ್ದವು. ನೋಡಿದವರಿಗೆ, ತಲೆ ನರೆತ ಗಂಡಸು ಕಣ್ಣು ಹೊಡೆದಂತೆಯೇ. ಒಮ್ಮೆ ಕೋಡಿಹಳ್ಳಿ ಬಸ್ಸಿನಲ್ಲಿ ಯಾರೋ ಹೆಂಗಸಿನ ಕೈಲಿ ಚೆನ್ನಾಗಿ ಉಗಿಸಿಕೊಂಡು ಬಂದಾಗ ನಮ್ಮತ್ತೆ ನಕ್ಕೂ ನಕ್ಕೂ ಸುಸ್ತಾಗಿದ್ದರು.

ದನದ ಸಂತೆಯಲ್ಲಿ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಮಾವ ದನದ ದಲ್ಲಾಳಿ. ನಮ್ಮ ಕಡೆ ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ದಲ್ಲಾಳಿ ಟವೆಲ್ಲಿನ ಕೆಳಗೆ ಮಾರುವವನ ಕೈ ಹಿಡಿದು ಬೆರಳು ಒತ್ತಿ ಕೇಳಬೇಕು, ಅವನೂ ಬೆರಳು ಒತ್ತಿಯೇ ಹೇಳಬೇಕು. ಸುತ್ತ ಎಷ್ಟು ಜನ ನಿಂತಿದ್ದರೂ ಅದು ಆ ಎರಡು ಕೈಗಳಿಗಷ್ಟೇ ಗೊತ್ತು. ಮುಖ ಮಿಸುಕಬಾರದು. "ಮುಖ ಸಂತೆಯೋರ್ದು, ಬೆರಳು ನಂಬ್ದೋನ್ದು" ಎನ್ನುತ್ತಿದ್ದರು ಮಾವ. ಕೊಂಬು ಹೆರೆದು, ಎಣ್ಣೆ ಹಚ್ಚಿ, ಮುದಿ ಎತ್ತನ್ನು ಹರೆಯದ್ದೆಂದು ತರುವವರನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ.

ದೊಡ್ಡಆಲಹಳ್ಳಿಯ ಗೌಡರೊಬ್ಬರು ಮಾವನ ಓರಗೆಯವರು. ಹರೆಯದಿಂದಲೂ ಮಾವನ ಕೈಲೇ ಅವರ ವ್ಯಾಪಾರ. ಒಂದು ಸಂತೆಯಲ್ಲಿ ಅವರ ಬೆರಳು ಹಿಡಿದಿದ್ದಾಗಲೇ, ಎದುರಿಗೆ ಕೊಳ್ಳುವವನು ನಿಂತಿದ್ದಾಗಲೇ, ಮಾವನ ಕಣ್ಣು ಮುಚ್ಚಿ ತೆರೆಯಿತು. ಗೌಡರು ಕೈ ಕಿತ್ತುಕೊಂಡರು.

"ಏನ್ಲಾ, ನನ್ ಕೈ ಹಿಡ್ಕಂಡು ಅವ್ನಿಗೆ ಸನ್ನೆ ಮಾಡ್ತೀಯಾ?"

"ಇಲ್ಲ ಕಣ್ಲಾ, ಅದು ತಾನಾಗೇ ಎಳೀತದೆ."

ಗೌಡರು ನಂಬಲಿಲ್ಲ. ಎತ್ತು ಹಿಡಿದುಕೊಂಡು ಹೊರಟೇಹೋದರು. ಸುದ್ದಿ ಹಬ್ಬಿತು. ಬೇರೆಯವರೂ ಮಾವನ ಟವೆಲ್ಲಿನ ಹತ್ತಿರ ಬರುವುದನ್ನು ಬಿಟ್ಟರು. ತಾಯತ ಕಟ್ಟಿಸಿದ್ದಾಯಿತು, ಹರಕೆ ಹೊತ್ತದ್ದಾಯಿತು.

ನಾನಾಗ ಬಿಡದಿ ಕಡೆ ಹೊಸದಾಗಿ ಬಂದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದೆ. ರಜೆ ಹಾಕಿ ಮಾವನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮುಖದ ನರದ ತೊಂದರೆ ಎಂದರು ಡಾಕ್ಟರು. ಸ್ನಾಯು ಸಡಿಲವಾಗುವ ಇಂಜೆಕ್ಷನ್ ಕೊಟ್ಟರೆ ಮೂರು ನಾಲ್ಕು ತಿಂಗಳು ಕಣ್ಣು ಸುಮ್ಮನಿರುತ್ತದೆ, ಆಮೇಲೆ ಮತ್ತೆ ಬರಬೇಕು ಎಂದರು.

ಹೊರಗೆ ಬೆಂಚಿನ ಮೇಲೆ ಪಕ್ಕದಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಕೂತಿದ್ದರು. ಮಾವ ಸುಮ್ಮನಿರುವ ಆಸಾಮಿಯಲ್ಲ. "ನಿಂಗೇನಾಗೈತವ್ವಾ?" ಎಂದರು.

"ಹಣೆ ಸುಕ್ಕು ತೆಗೆಸೋಕೆ ಬಂದೆ. ನಿಮಗೆ ಕೊಡೋ ಇಂಜೆಕ್ಷನ್ನೇ, ಯಜಮಾನ್ರೇ."

"ಅದೇ ಮದ್ದಾ? ಹಂಗಾರೆ ಮುದಿ ಎತ್ತಿನ ಕೊಂಬು ಹೆರೆದಂಗೇ ಆಯ್ತು ಬುಡು."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆಕೆ ಸಿಟ್ಟಾಗಲಿಲ್ಲ. "ಹೋಟೆಲಲ್ಲಿ ಬಂದವರನ್ನ ಮಾತಾಡಿಸೋ ಕೆಲಸ ನಂದು. ಚಿಕ್ಕ ಹುಡುಗೀರು ಬಂದಿದಾರೆ. ಮುಖ ಬಾಡಿದ್ರೆ ನನ್ನ ತೆಗೀತಾರೆ" ಎಂದರು.

ಮಾವ ಆಕೆಯ ಕಡೆಗೆ ತಿರುಗಿ ಕೂತರು. ಆಮೇಲೆ, "ತಪ್ಪಾಯ್ತು ಕಣವ್ವಾ. ನಂದೂ ಮುಖ ಕಾಯೋ ಕಸುಬೇಯ" ಎಂದರು. ಯಾರಾದರೂ ವಯಸ್ಸು ಮುಚ್ಚಿಡುವುದನ್ನು ಕಂಡು ನಗು ಬಂದಾಗ ನನಗೆ ಇವತ್ತಿಗೂ ಆ ಬೆಂಚು ನೆನಪಾಗುತ್ತದೆ.

ಇಂಜೆಕ್ಷನ್ ಹಾಕಿಸಿದ ಕೆಲವೇ ದಿನಗಳಲ್ಲಿ ಕಣ್ಣು ಶಾಂತವಾಯಿತು. ನಗು ಮಾತ್ರ ಒಂದೇ ಕಡೆಗೆ ಏಳುತ್ತಿತ್ತು. "ಈಗ ನಗೋದ್ರಲ್ಲೂ ದಲ್ಲಾಳಿ ಕಮಿಷನ್ ಹಿಡ್ಕತೀರಾ" ಎಂದು ಅತ್ತೆ ರೇಗಿಸುತ್ತಿದ್ದರು. ಸಂತೆಯವರು ಒಬ್ಬೊಬ್ಬರಾಗಿ ಬಂದರು, ಗೌಡರು ಬರಲಿಲ್ಲ. ಮಾವ ಪ್ರತಿ ಸಂತೆಯಲ್ಲೂ ದೊಡ್ಡಆಲಹಳ್ಳಿಯವರು ನಿಲ್ಲುವ ಮೂಲೆಯನ್ನು ಒಮ್ಮೆ ನೋಡಿಯೇ ಮನೆಗೆ ಬರುತ್ತಿದ್ದರು.

ಒಂದು ಬೆಳಿಗ್ಗೆ ಗೌಡರು ಮನೆಗೇ ಬಂದರು. ಮಗ ಟ್ರ್ಯಾಕ್ಟರ್ ತಂದಿದ್ದ, ಉಳಿದ ಒಂದು ಜೋಡಿಯನ್ನು ಮಾರಬೇಕಿತ್ತು. ಆ ಹೊತ್ತಿಗೆ ಮಾವನ ಕಣ್ಣು ಮತ್ತೆ ಆಡತೊಡಗಿತ್ತು.

"ಮದ್ದಿನ ಗಡುವು ಮುಗುದೈತೆ ಕಣ್ಲಾ. ಒಸಿ ತಡಿ, ಇಂಜೆಕ್ಷನ್ ಹಾಕಿಸ್ಕಂಡು ಬತ್ತೀನಿ" ಎಂದರು ಮಾವ.

"ಬ್ಯಾರೆ ದಲ್ಲಾಳಿ ಮುಖ ಚೆನ್ನಾಗೇ ಇತ್ತು ಕಣ್ಲಾ, ಬೆರಳು ಸುಳ್ಳು ಹೇಳ್ಬುಡ್ತು" ಎಂದ ಗೌಡರು ತಮ್ಮ ಹೆಗಲ ಟವೆಲ್ಲನ್ನೇ ತೆಗೆದು ಹಾಸಿದರು. "ಹಿಡಿ."

ಮಾವನ ಕಣ್ಣು ಆಗಲೂ ಮುಚ್ಚಿ ತೆರೆಯಿತು. ಗೌಡರು ಕೈ ಬಿಡಲಿಲ್ಲ.

ಮಾವ ತೀರಿಕೊಂಡ ದಿನ ಗೌಡರು ಬಂದಾಗ ಎಲ್ಲ ಸಿದ್ಧವಾಗಿತ್ತು. ಹೊದಿಸಿದ್ದ ಬಿಳಿ ಬಟ್ಟೆಯೊಳಗೆ ಕೈ ಹಾಕಿ, ಮಾವನ ಬೆರಳು ಹಿಡಿದು, ಮುಖ ಮಿಸುಕಿಸದೆ ಕೂತರು. ಹೊತ್ತಾಯಿತೆಂದು ಯಾರೂ ಅವರನ್ನು ಏಳಿಸಲಿಲ್ಲ. ಏನು ಹೇಳಿದರೋ, ಆ ಎರಡು ಕೈಗಳಿಗಷ್ಟೇ ಗೊತ್ತು.