ಗೆರೆ ಏರಿದರೆ ಬೆಚ್ಚುವವನು

ಐಸ್‌ಲ್ಯಾಂಡಿನ ತಿಂಗಳ ವಿದ್ಯುತ್ ಉತ್ಪಾದನೆಯ ಲೆಕ್ಕ ಹಾಕುವ ನಮ್ಮ ಕಚೇರಿಯ ಸ್ನೈಬ್ಯೋರ್ನ್ ಬೆಚ್ಚಿಬೀಳುವುದರಲ್ಲಿ ನಿಸ್ಸೀಮ. ಉತ್ಪಾದನೆ ಕುಸಿದ ತಿಂಗಳು ನಾವೆಲ್ಲ ಗಾಬರಿಯಾದರೆ ಅವನು ಆರಾಮಾಗಿ ಕಾಫಿ ಹೀರುತ್ತಾನೆ. ಬೇಸಿಗೆಯಲ್ಲಿ ಹಿಮನದಿ ಕರಗಿ, ಜಲಾಶಯ ತುಂಬಿ, ನಕ್ಷೆಯಲ್ಲಿ ಉತ್ಪಾದನೆಯ ಗೆರೆ ಮೇಲೇರಿತೋ, “ಇಷ್ಟೊಂದಾ?” ಎಂದು ಎದೆ ಹಿಡಿದುಕೊಳ್ಳುತ್ತಾನೆ. “ಕರೆಂಟು ಜಾಸ್ತಿ ಬಂದ್ರೆ ನಿನ್ನ ಗಂಟೇನು ಹೋಗುತ್ತೆ ಮಾರಾಯ?” ಎಂದು ಛೇಡಿಸುತ್ತಿದ್ದೆವು. ಈ ಆಗಸ್ಟಿನಲ್ಲಿ ಹಿಂದೆಂದೂ ಇಲ್ಲದಷ್ಟು ಉತ್ಪಾದನೆಯಾಗಿ ನಾವು ಕೇಕ್ ಕತ್ತರಿಸುತ್ತಿದ್ದಾಗ, ಅವನು ಫೋನಿನಲ್ಲಿ ತನ್ನೂರಿನ ರಕ್ಷಣಾ ತಂಡದವರನ್ನು ಕೇಳುತ್ತಿದ್ದ: “ಹಿಮನದಿ ಬುಡದಲ್ಲಿ ಯಾರಾದ್ರೂ ಸಿಕ್ರಾ?” ನಾನು ಚಾಕು ಕೆಳಗಿಟ್ಟೆ. “ಯಾರು ಸಿಗ್ಬೇಕಿತ್ತೋ?” ಎಂದೆ. “ನನ್ನ ತಮ್ಮ. ಎಷ್ಟೋ ವರ್ಷದ ಹಿಂದೆ ಅಲ್ಲಿ ಮಂಜುಗಡ್ಡೆಯ ಬಿರುಕಿಗೆ ಬಿದ್ದ, ಹೆಣ ಸಿಗ್ಲೇ ಇಲ್ಲ. ಹೀಗೆ ಕರಗ್ತಾ ಹೋದ್ರೆ ಒಂದಿನ ಸಿಕ್ಕೇ ಸಿಗ್ತಾನೆ. ಅಮ್ಮ ಅವನಿನ್ನೂ ಬದುಕಿದ್ದಾನೆ ಅಂತಾಳೆ ಕಣೋ.”