ಮಾತು ಮುಗಿದ ಮೇಲೆ ಚಹಾ

ಮಾಸ್ತರರ ಎಡಗೈಯ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಸಣ್ಣವರಿದ್ದಾಗ ದನದ ಮೇವಿನ ಕಣಿಕೆ ಕೊಚ್ಚುವ ಯಂತ್ರಕ್ಕೆ ಕೊಟ್ಟ ಬೆರಳು. ಸಾಲ ಕೊಟ್ಟವರ ಮೇಜಿನ ಮೇಲೆ ಆ ಮೊಂಡು ಬೆರಳನ್ನೇ ಕುಟ್ಟುತ್ತ, ‘ಹ್ಞಾಂ, ಈಗ ಹೇಳ್ರಿ, ಎಷ್ಟಕ್ಕ ಬಿಡ್ತೀರಿ?’ ಎಂದು ಕೇಳುವರು.

ಸಂತಪುರದ ಸಾಲಿಯಲ್ಲಿ ನನಗೆ ಗಣಿತ ಕಲಿಸಿದವರು. ನಿವೃತ್ತರಾಗಿ ಔರಾದಿನಲ್ಲಿ ಮನೆ ಮಾಡಿದ ಮೇಲೆ ಹಳೆಯ ವಿದ್ಯಾರ್ಥಿಗಳ ಸಾಲ ತಡಜೋಡ ಮಾಡಿಸುವುದೇ ಅವರ ಕೆಲಸವಾಯಿತು. ಇಷ್ಟು ಕೊಡ್ತಾರ, ಉಳಿದದ್ದು ಬಿಡ್ರಿ ಎಂದು ಎರಡೂ ಕಡೆಯವರನ್ನು ಒಪ್ಪಿಸುವುದು. ಯಾರಿಂದಲೂ ಬಸ್ ಚಾರ್ಜ್ ಸಹ ಇಸಕೊಂಡವರಲ್ಲ. ಹಟ ಒಂದೇ: ಮಾತು ಮುಗಿಯುವ ತನಕ ಸಾಲ ಕೊಟ್ಟವರ ಚಹಾ ಮುಟ್ಟುತ್ತಿರಲಿಲ್ಲ. ‘ಮೊದಲ ಕುಡದ್ರ ನಾಲಿಗಿ ಮೆತ್ತಗಾಗ್ತದ ಯವ್ವಾ’ ಅನ್ನುವರು. ಎದುರಿಗಿಟ್ಟ ಚಹಾ ಕೆನೆಗಟ್ಟಿ ಆರುತ್ತಿತ್ತು.

ಭಾಲ್ಕಿಯಲ್ಲಿ ನನ್ನದು ಹೊಲಿಗೆ ಅಂಗಡಿ. ಕಸೂತಿ ಯಂತ್ರಕ್ಕೆಂದು ಬೀದರಿನ ಒಂದು ಫೈನಾನ್ಸಿನಲ್ಲಿ ಸಾಲ ಎತ್ತಿದ್ದೆ. ಲಾಕ್‌ಡೌನಿನಲ್ಲಿ ಮದುವೆಗಳು ನಿಂತವು, ಕಂತೂ ನಿಂತಿತು. ವಸೂಲಿಯವರು ಬಂದು ಗಿರಾಕಿಗಳ ಮುಂದೆ ಬಾಯಿಗೆ ಬಂದಂಗ ಮಾತಾಡಿದರು. ನಾನೇ ಮಾಸ್ತರರ ಕಾಲು ಹಿಡಿದೆ. ಅವರು ಬೀದರಿಗೆ ನಾಲ್ಕು ಸಲ ಅಡ್ಡಾಡಿ ಅರ್ಧಕ್ಕೆ ಇತ್ಯರ್ಥ ಮಾಡಿಸಿದರು. ಆರಿದ ಚಹಾ ಒಂದೇ ಗುಟುಕಿಗೆ ಕುಡಿದು, ‘ತೀರ್ತು ಯವ್ವಾ, ಇನ್ನ ನಿಶ್ಚಿಂತಿ ಮಲಗು’ ಅಂದರು. ಮಲಗಿದೆ. ಮೂರು ವರ್ಷ ಮಲಗಿದೆ, ಹುಚ್ಚಿ!

ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ಅವಳ ಸಾಲಕ್ಕೆ ತಾಯಿಯ ಸಹಿ ಬೇಕಲ್ಲ, ಬ್ಯಾಂಕಿನವರು ಕಂಪ್ಯೂಟರಿನಲ್ಲಿ ನನ್ನ ಹೆಸರು ನೋಡಿ ಆಗೋದಿಲ್ಲ ಅಂದರು. ಸಾಲ ಪೂರ್ತಿ ಕಟ್ಟಿಲ್ಲ, ಕಡಿಮೆಗೆ ಇತ್ಯರ್ಥ ಮಾಡಿಕೊಂಡವಳು ಎಂದು ಅದರಲ್ಲಿ ಬರೆದಿತ್ತಂತೆ. ಸಾಲಪತ್ರ ಹರಿದು ಹಾಕಿದರೆ ಸಾಲ ಸತ್ತಿತು ಎಂದು ನಂಬಿದ ಕಾಲದವರು ಮಾಸ್ತರರು. ಹರಿಯಲಾಗದ ದಾಖಲೆಯೂ ಒಂದಿದೆ ಎಂದು ಅವರಿಗೆ ಯಾರು ಹೇಳಬೇಕು?

ಔರಾದ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ನಾಕು ಮಂದಿಯ ಮುಂದೆಯೇ ಅಂದುಬಿಟ್ಟೆ: ‘ಗೊತ್ತಿಲ್ಲದ ಕೆಲಸಕ್ಕ ಯಾಕ ಕೈ ಹಾಕಿದ್ರಿ ಮಾಸ್ತರ? ನನ್ನ ಮಗಳ ಬಾಯಾಗ ಮಣ್ಣ ಹಾಕಿದ್ರಿ.’

‘ನಂಗ ಗೊತ್ತಿದ್ದಿಲ್ಲ ಯವ್ವಾ’ ಅಂದರು. ಅಷ್ಟೇ. ನಾನು ತಿರುಗಿ ನೋಡದೆ ಭಾಲ್ಕಿ ಬಸ್ ಹತ್ತಿದೆ.

ಸೀಟು ಹೋಯಿತು. ಮಗಳು ಈಗ ನನ್ನ ಪಕ್ಕದಲ್ಲೇ ಕೂತು ಗುಂಡಿ ಹಚ್ಚುತ್ತಾಳೆ.

ವರ್ಷದ ಮೇಲೆ ಯಾವುದೋ ಕಾಗದಕ್ಕೆಂದು ಫೈನಾನ್ಸಿಗೆ ಹೋದಾಗ ಮ್ಯಾನೇಜರ್ ಕೇಳಿದ: ‘ನಿಮ್ಮ ಮಾಸ್ತರ್ ಈಗ್ಯಾಕ ಬರ್ಲತ್ತಿಲ್ಲರಿ?’

ನನಗೆ ಏನೂ ತಿಳಿಯಲಿಲ್ಲ. ಅವನೇ ಹೇಳಿದ. ಹೋದ ವರ್ಷದಿಂದ ಪ್ರತಿ ಸೋಮವಾರ ಬರುತ್ತಿದ್ದರಂತೆ. ‘ನೀವು ಬಿಟ್ಟ ರೊಕ್ಕ ನನ್ನ ಪೆನ್ಷನ್ದಾಗ ಕಟ್ತೇನಿ. ತಗೊಂಡು ಆಕಿ ಹೆಸರು ಚೊಕ್ಕ ಮಾಡ್ರಿ’ ಅನ್ನುತ್ತಿದ್ದರಂತೆ. ಮುಚ್ಚಿದ ಖಾತೆ ತೆರೆಯೋದಿಲ್ಲ ಎಂದು ಫೈನಾನ್ಸಿನವರು ನಕ್ಕು ಕಳಿಸುತ್ತಿದ್ದರಂತೆ. ಜನ್ಮವಿಡೀ ಬಿಡ್ರಿ, ಬಿಡ್ರಿ ಎಂದು ವಾದಿಸಿದ ಮನುಷ್ಯ ತಗೋರಿ ಎಂದು ಅಂಗಲಾಚಿದ್ದರು!

‘ಚಹಾ ಇಟ್ರ ಮುಟ್ತಿದ್ದಿಲ್ಲರಿ. ಹಂಗೇ ಬಿಟ್ಟು ಎದ್ದು ಹೋಗ್ತಿದ್ರು’ ಅಂದ.

ಅಲ್ಲಿಂದಲೇ ಔರಾದಿಗೆ ಹೋದೆ. ತಪ್ಪಾಯಿತು ಅನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಪಡಸಾಲೆಯಲ್ಲಿ ಅವರ ಫೋಟೋಕ್ಕೆ ಹಾರ ಹಾಕಿತ್ತು. ಹೋಗಿ ಹದಿನೈದು ದಿನವಾಗಿತ್ತು. ‘ನಿನ್ನ ಮ್ಯಾಲ ಅವರಿಗಿ ಸಿಟ್ಟಿದ್ದಿಲ್ಲವ್ವಾ’ ಅಂದರು ಅವರ ಹೆಂಡತಿ. ಸಿಟ್ಟಾದರೂ ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಚಹಾ ತಂದು ಮುಂದಿಟ್ಟರು. ‘ಕುಡಿ, ಆರ್ತದ’ ಅಂದರು.

ಮುಟ್ಟಲಿಲ್ಲ. ಮಾಸ್ತರರದೂ ನನ್ನದೂ ಮಾತು ಇನ್ನೂ ಮುಗಿದಿರಲಿಲ್ಲ.