ಅತ್ತರೆ ಔಟ್

ಸಾಯುವ ಹಿಂದಿನ ದಿನ ಅಣ್ಣ ಗುಬ್ಬಿಯ ನಮ್ಮ ಮನೆಯ ಹಜಾರದಲ್ಲಿ ಅಮ್ಮನ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಹುಳುಕು ಕಾಳನ್ನು ಬೇಕೆಂದೇ ಒಳ್ಳೆಯದಕ್ಕೆ ಸೇರಿಸುತ್ತಿದ್ದ. "ಏನ್ಲಾ, ಹುಳ ತಿನ್ನಿಸ್ತೀಯಾ?" ಎಂದು ಅಮ್ಮ ಬೈದರೆ, "ಸಾರಿಗೆ ರುಚಿ ಬತ್ತದೆ ಬುಡು" ಎಂದು ನಕ್ಕ. ಮರುದಿನ ವಸಂತನರಸಾಪುರದ ಫ್ಯಾಕ್ಟರಿಗೆ ಹೋಗುವಾಗ ಅವನ ಬೈಕಿಗೆ ಲಾರಿ ಹೊಡೆಯಿತು.

ನಮ್ಮ ಕಡೆ ಸಾವಿನ ಮನೆಗೆ ಯಾರೇ ಬಂದರೂ ಮನೆಯವರು ಅವರನ್ನು ತಬ್ಬಿಕೊಂಡು ಒಂದು ಸಲ ಅಳಬೇಕು. ಹನ್ನೊಂದನೆಯ ದಿನದವರೆಗೂ ಇದು ನಡೆಯುತ್ತದೆ. ನಾಲ್ಕು ದಿನ ಅಮ್ಮ ಎಲ್ಲರ ಜೊತೆ ಅತ್ತಳು. ಐದನೆಯ ದಿನ ತುಮಕೂರಿನ ಒಂದು ಕೇಬಲ್ ಚಾನೆಲ್ಲಿನವನು ಬಂದ. ಅವರ ‘ಅತ್ತರೆ ಔಟ್’ ಆಟವನ್ನು ಆಗ ಕುಣಿಗಲ್ಲಿನ ಹೋಟೆಲುಗಳಲ್ಲೂ ಜನ ಕಾಫಿ ಆರಿದ್ದು ಗೊತ್ತಾಗದೆ ನೋಡುತ್ತಿದ್ದರು. ಹೊಸದಾಗಿ ಮನೆಯವರನ್ನು ಕಳೆದುಕೊಂಡವರನ್ನು ಕೂರಿಸಿ, ಸತ್ತವರ ಬಟ್ಟೆ, ಚಪ್ಪಲಿ ಮುಂದಿಡುವುದು. ಕಣ್ಣೀರು ಹಾಕದವರು ಗೆದ್ದಂತೆ. ಬಹುಮಾನ, ಸತ್ತವರ ಆಳೆತ್ತರದ ಫೈಬರ್ ಮೂರ್ತಿ.

"ಮಗನ್ನ ಮನೇಲೇ ಕೂರಿಸ್ಕೋಬೋದು ಕಣಮ್ಮ," ಎಂದ ಅವನು. ಅಮ್ಮ ಹೂಂ ಅಂದಳು.

ಹೇಳಲು ಅಸಹ್ಯವಾಗುತ್ತದೆ, ಅಭ್ಯಾಸ ಮಾಡಿಸಿದವಳು ನಾನು. ಅಳುತ್ತಾ ಬಂದ ನೆಂಟರ ಮುಂದೆ ಅಮ್ಮ ತುಟಿ ಕಚ್ಚಿ ಕೂತರೆ, ಹಿಂದಿನಿಂದ "ಹಂಗೇ ಇರು" ಎಂದು ಭುಜ ಒತ್ತುತ್ತಿದ್ದೆ. ಹಾಗಲವಾಡಿಯ ಸೋದರತ್ತೆ, "ಏನೇ ಇವ್ಳು, ಕಲ್ಲಾಗವ್ಳೆ!" ಎಂದು ನೀರೂ ಕುಡಿಯದೆ ಎದ್ದು ಹೋದಳು.

ಸ್ಟುಡಿಯೋದಲ್ಲಿ ಅಣ್ಣನ ರಕ್ತದ ಕಲೆಯ ಅಂಗಿಯನ್ನು ಅಮ್ಮನ ಮಡಿಲಿಗೆ ಹಾಕಿದರು. ಆಸ್ಪತ್ರೆಯಿಂದ ತಂದಿದ್ದ ಆ ಅಂಗಿ ಕೊಟ್ಟವಳೂ ನಾನೇ. "ಅಮ್ಮ, ಒಂದ್ಸಲ ವಾಸ್ನೆ ನೋಡಿ," ಅಂದ ನಿರೂಪಕ. ಅಮ್ಮ ನೋಡಿದಳು. ಅಳಲಿಲ್ಲ. ಜನ ಶಿಳ್ಳೆ ಹೊಡೆದರು. ಮೇಲಿನಿಂದ ಬಣ್ಣದ ಕಾಗದ ಸುರಿಯಿತು. ನಾನು ಹೋಗಿ ಅಂಗಿಯ ಮೇಲೆ ಬಿದ್ದ ಚೂರುಗಳನ್ನು ಒಂದೊಂದಾಗಿ ಆಯ್ದೆ.

ಮುಂದಿನ ವಾರ ಹುಲಿಯೂರುದುರ್ಗದ ಮುದುಕರೊಬ್ಬರು ಹೆಂಡತಿಯ ಸೀರೆ ಹಿಡಿದುಕೊಂಡು ಅದೇ ಕುರ್ಚಿಯಲ್ಲಿ ತೀರಿಕೊಂಡರು. ಜಾಹೀರಾತು ಮುಗಿಸಿ ಅದನ್ನೂ ತೋರಿಸಿದರು. ಆಮೇಲೆ ಚಾನೆಲ್ಲಿನ ಆಫೀಸಿಗೆ ಕಲ್ಲು ಬಿತ್ತು. ಕಲ್ಲು ತೂರಿದವರಲ್ಲಿ ಅಮ್ಮನಿಗೆ ಶಿಳ್ಳೆ ಹೊಡೆದವರೂ ಇದ್ದರು. ಆಟ ನಿಂತಿತು, ಬಾಗಿಲಿಗೆ ಬೀಗ ಬಿತ್ತು.

ಮೂರ್ತಿ ಬರಲಿಲ್ಲ. ಬಂದಿದ್ದರೆ ನಾನೇ ಒಡೆದು ಹಾಕುತ್ತಿದ್ದೆ. ವರ್ಷ ಕಳೆಯಿತು. ಅಮ್ಮ ಬಂದವರನ್ನು ಮಾತನಾಡಿಸುತ್ತಾಳೆ, ಊಟಕ್ಕಿಡುತ್ತಾಳೆ. ಆ ಐದನೆಯ ದಿನದಿಂದ ಅವಳಿಗೆ ಅಳು ಬಂದಿಲ್ಲ.